ಬೆವರು, ಸುಗಂಧ ಮತ್ತು ಶ್ರಾವಕನ ವಿವೇಕ

ಬೆಂಗಳೂರಿನ ಉತ್ತರದಲ್ಲಿ, ನಾಗವಾರದಿಂದ ಹೆಗಡೆನಗರದತ್ತ ಸಾಗುವ ಹಾದಿಯಲ್ಲಿರುವ ತಣಿಸಂದ್ರವು ಒಂದು ಕಾಲಕ್ಕೆ ಕೆರೆ-ಹೊಲಗಳ ಹಳ್ಳಿಯಾಗಿತ್ತು. ದುಡಿಯುವವನ ಮೈಬೆವರು ಅಲ್ಲಿ ಲಜ್ಜೆಯ ವಿಷಯವಾಗಿರಲಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಈ ಊರು ಮಹಾನಗರದ ಭಾಗವಾಯಿತು. ಈಗ ಅಲ್ಲಿ ಬಹುಮಹಡಿ ವಸತಿಗಳಿವೆ; ನೆರೆಯ ನಾಗವಾರದ ದೊಡ್ಡ ಕಚೇರಿಗಳಿಗೆ ದಿನವೂ ಹೋಗಿಬರುವ ಕುಟುಂಬಗಳಿವೆ. ಇಂತಹ ಬಡಾವಣೆಗಳ ಅಂಗಡಿಗಳಲ್ಲಿ ಬೆವರನ್ನು ತಡೆಯುವ ಆಂಟಿಪರ್ಸ್ಪಿರಂಟ್ ಲೇಪಗಳ ಪಕ್ಕದಲ್ಲಿಯೇ 'ಅಲ್ಯೂಮಿನಿಯಂ ರಹಿತ', 'ನೈಸರ್ಗಿಕ' ಎಂಬ ಹಣೆಪಟ್ಟಿ ಹೊತ್ತ ಡಿಯೋಡರಂಟುಗಳೂ ಕುಳಿತಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅತ್ಯಲ್ಪವಾದುದು. ಆದರೆ ಇದರ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ಜೈನ ಸಂಪ್ರದಾಯಕ್ಕೂ ಒಂದು ಸ್ಥಾನವಿದೆ.

ಕನ್ನಡನಾಡಿನಲ್ಲಿ ಸುಗಂಧವು ಪ್ರಾಚೀನ ಶಾಸ್ತ್ರ. ಸುಮಾರು 1025ರಲ್ಲಿ ಕನ್ನಡದಲ್ಲಿ ರಚಿತವಾದ 'ಲೋಕೋಪಕಾರ'ವು ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಗೆ ಸುಗಂಧ ದ್ರವ್ಯಗಳ ತಯಾರಿಕೆಯನ್ನೂ ವಿವರಿಸುತ್ತದೆ. (ಇದರ ಕರ್ತೃವಾದ ಚಾವುಂಡರಾಯನು ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನಲ್ಲ.) ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಸ್ನಾನ, ವಿಲೇಪನಗಳು ರಾಜಭೋಗಗಳ ಸಾಲಿನಲ್ಲಿ ಬರುತ್ತವೆ. ಶ್ರೀಗಂಧ, ಕರ್ಪೂರ, ಅಗರುಗಳಂತೆಯೇ ಕಸ್ತೂರಿಯೂ ಪುನುಗೂ ಅಂದಿನ ಸಿರಿವಂತರ ಮೈಯನ್ನು ಸೇರುತ್ತಿದ್ದವು. ಕಸ್ತೂರಿಗಾಗಿ ಮೃಗವನ್ನು ಬೇಟೆಯಾಡಿ ಅದರ ಗ್ರಂಥಿಯನ್ನು ಕತ್ತರಿಸಲಾಗುತ್ತಿತ್ತು. ಪುನುಗಿಗಾಗಿ ಬೆಕ್ಕನ್ನು ಪಂಜರದಲ್ಲಿಟ್ಟು ಅದರ ಸ್ರಾವವನ್ನು ಕೆರೆದು ತೆಗೆಯಲಾಗುತ್ತಿತ್ತು. ಇವೆರಡೂ ಸಂಪೂರ್ಣ ನೈಸರ್ಗಿಕ ವಸ್ತುಗಳೇ. ನೈಸರ್ಗಿಕವಾದುದೆಲ್ಲವೂ ನಿರ್ದೋಷವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಔಷಧದ ಕ್ಷೇತ್ರದಲ್ಲಿ ಈ ವಿವೇಕವನ್ನು ಜೈನ ವೈದ್ಯರು ಬಹು ಹಿಂದೆಯೇ ತೋರಿದ್ದರು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟರು. ರೋಗ ನಿವಾರಣೆಯಂತಹ ಅನಿವಾರ್ಯ ಸಂದರ್ಭದಲ್ಲಿಯೂ 'ಈ ದ್ರವ್ಯ ಎಲ್ಲಿಂದ ಬಂತು?' ಎಂದು ಕೇಳಿದ ಪರಂಪರೆಯಿದು. ಹಾಗಿರುವಾಗ ಕೇವಲ ಅಲಂಕಾರಕ್ಕಾಗಿ ಬಳಸುವ ಲೇಪದ ವಿಷಯದಲ್ಲಿ ಆ ಪ್ರಶ್ನೆಯನ್ನು ಕೈಬಿಡಲು ಕಾರಣವಿಲ್ಲ.

ಆಧುನಿಕ ಸುಗಂಧೋದ್ಯಮದ ಒಂದು ಅಧ್ಯಾಯವೂ ಉತ್ತರ ಬೆಂಗಳೂರಿಗೇ ಸೇರಿದೆ. ಮೊದಲನೆಯ ಮಹಾಯುದ್ಧದಿಂದ ಮೈಸೂರು ಸಂಸ್ಥಾನದ ಶ್ರೀಗಂಧದ ಮರವು ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧದೆಣ್ಣೆಯನ್ನು ಬಟ್ಟಿಯಿಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆಯೂ, ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ತಲೆಯೆತ್ತಿದವು. ಅರಮನೆಯ ಭೋಗವಾಗಿದ್ದ ಗಂಧವು ಸಾಬೂನಿನ ರೂಪದಲ್ಲಿ ಸಾಮಾನ್ಯರ ಬಚ್ಚಲುಮನೆಗೆ ಬಂದುದು ಹೀಗೆ.

ಸಾಬೂನಿನ ಉದ್ದೇಶ ಮೈ ತೊಳೆಯುವುದು. ಬೆವರನ್ನೇ ನಿಲ್ಲಿಸುವ ಆಲೋಚನೆ ಅಮೆರಿಕದ್ದು. 1888ರಲ್ಲಿ ಫಿಲಡೆಲ್ಫಿಯಾದಲ್ಲಿ 'ಮಮ್' ಎಂಬ ದುರ್ಗಂಧನಾಶಕ ಲೇಪವೂ, 1903ರಲ್ಲಿ 'ಎವರ್‌ಡ್ರೈ' ಎಂಬ ಬೆವರುನಿರೋಧಕವೂ ಮಾರಾಟಕ್ಕೆ ಬಂದವು. ಎರಡನೆಯದರಲ್ಲಿದ್ದುದು ಅಲ್ಯೂಮಿನಿಯಂ ಕ್ಲೋರೈಡ್. ಅನಂತರ ಬಂದ 'ಓಡೊರೊನೊ' ಎಂಬ ದ್ರವದ ಜಾಹೀರಾತು ಬರೆಯುತ್ತಿದ್ದ ಜೇಮ್ಸ್ ಯಂಗ್ ಎಂಬಾತನು ವಿಚಾರಿಸಿದಾಗ, ಮೂವರಲ್ಲಿ ಇಬ್ಬರು ಮಹಿಳೆಯರು ತಮಗೆ ಅದರ ಅಗತ್ಯವೇ ಇಲ್ಲವೆಂದು ಭಾವಿಸಿದ್ದುದು ತಿಳಿದುಬಂತು. ಆಗ ಆತ 1919ರಲ್ಲಿ, ಮೈವಾಸನೆಯ ಬಗ್ಗೆ ಇತರರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆಂಬ ಅಂಜಿಕೆ ಹುಟ್ಟಿಸುವ ಜಾಹೀರಾತನ್ನು ಪ್ರಕಟಿಸಿದ. ಅವಮಾನಗೊಂಡ ಸುಮಾರು 200 ಓದುಗರು ಆ ಪತ್ರಿಕೆಯನ್ನೇ ತ್ಯಜಿಸಿದರೂ ಒಂದು ವರ್ಷದಲ್ಲಿ ಮಾರಾಟ ಶೇಕಡಾ 112ರಷ್ಟು ಏರಿತು. ಇಲ್ಲದ ಅಗತ್ಯವನ್ನು ಲಜ್ಜೆಯ ಮೂಲಕ ಸೃಷ್ಟಿಸಿದ ಪ್ರಸಂಗವಿದು.

ಮಾನವ ಶರೀರದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಮೈಯ ತಾಪವನ್ನು ತಗ್ಗಿಸುವುದು ಅವುಗಳ ಕೆಲಸ. ಹೊಸ ಬೆವರಿಗೆ ವಾಸನೆ ಬಹುತೇಕ ಇಲ್ಲ. ಕಂಕುಳಿನ ಗ್ರಂಥಿಗಳ ಸ್ರಾವವನ್ನು ಚರ್ಮದ ಸೂಕ್ಷ್ಮಾಣುಗಳು ವಿಭಜಿಸಿದಾಗ ದುರ್ಗಂಧ ಹುಟ್ಟುತ್ತದೆ. ಅಲ್ಯೂಮಿನಿಯಂ ಲವಣವು ಬೆವರಿನ ನಾಳದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ನೈಸರ್ಗಿಕವೆಂಬ ಲೇಪವಾದರೋ ಬೆವರನ್ನು ತಡೆಯದೆ, ಅಡಿಗೆ ಸೋಡಾ, ಪಿಷ್ಟ, ಸಸ್ಯತೈಲಗಳಿಂದ ವಾಸನೆಯನ್ನು ಮಾತ್ರ ತಗ್ಗಿಸುತ್ತದೆ. ಆದ್ದರಿಂದ ಬದಲಿಸಿದವರ ಬಟ್ಟೆ ಒದ್ದೆಯಾಗುವುದು ಸಹಜ. ಕೆಲವರ ಚರ್ಮಕ್ಕೆ ಸೋಡಾ ಉರಿ ತರುವುದೂ ಉಂಟು. ಕ್ಷೌರದ ನಂತರ ಕೆನ್ನೆಗೆ ತೀಡುವ ಪಟಿಕವನ್ನು ನೈಸರ್ಗಿಕ ಪರ್ಯಾಯವೆಂದು ಮಾರುತ್ತಾರೆ. ಅದೂ ಅಲ್ಯೂಮಿನಿಯಂ ಲವಣವೇ ಎಂಬುದನ್ನು ಮರೆಯಬಾರದು.

ಬದಲಾವಣೆಗೆ ಹಲವರು ನೀಡುವ ಕಾರಣ ಕ್ಯಾನ್ಸರಿನ ಭಯ. ಇಲ್ಲಿ ಸತ್ಯವ್ರತದ ಪ್ರಶ್ನೆ ಏಳುತ್ತದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಇದ್ದ 813 ಮತ್ತು ಇಲ್ಲದ 793 ಮಹಿಳೆಯರನ್ನು ಹೋಲಿಸಿ, ಬೆವರುನಿರೋಧಕಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲವೆಂದು ತಿಳಿಸಿತು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿ ಬಳಸುವುದು ಯುಕ್ತ. ಆದರೆ ಸಿದ್ಧಪಡದ ಭಯವನ್ನು ನೆರೆಯವರಲ್ಲಿ ಬಿತ್ತುವುದು ಧರ್ಮವಲ್ಲ. ಹಿಂದೆ ಲಜ್ಜೆಯನ್ನು ಮಾರಿದಂತೆ ಈಗ ಭಯವನ್ನು ಮಾರಲಾಗುತ್ತಿದೆ.

ಜೈನ ಕುಟುಂಬಗಳು ಪರಿಶೀಲಿಸಬೇಕಾದ ಕಾರಣ ಬೇರೆಯೇ ಇದೆ. ಗಟ್ಟಿ ಲೇಪಗಳಲ್ಲಿ ಬಳಸುವ ಸ್ಟಿಯರಿಕ್ ಆಮ್ಲ, ಗ್ಲಿಸರಿನ್‌ಗಳನ್ನು ಸಸ್ಯತೈಲದಿಂದಲೂ ಪ್ರಾಣಿಗಳ ಕೊಬ್ಬಿನಿಂದಲೂ ಪಡೆಯಬಹುದು. ನೈಸರ್ಗಿಕ ಲೇಪಗಳು ಅನೇಕವು ಜೇನುಮೇಣದಿಂದ ಗಟ್ಟಿಯಾಗಿರುತ್ತವೆ; ಮಧುತ್ಯಾಗಿಗಳಾದ ಶ್ರಾವಕರಿಗೆ ಇದು ಗಮನಾರ್ಹ. ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳನ್ನು ಪ್ರಯೋಗಿಸುವುದನ್ನೂ, ಹಾಗೆ ಪ್ರಯೋಗಿಸಿದವುಗಳ ಆಮದನ್ನೂ ಭಾರತವು 2014ರಲ್ಲಿ ನಿಷೇಧಿಸಿದುದು ಸಂತೋಷದ ಸಂಗತಿ. ಆದರೆ ಪ್ರಯೋಗದ ನಿಷೇಧದಿಂದ ಒಳಗಿನ ದ್ರವ್ಯದ ಮೂಲ ಶುದ್ಧವಾಗುವುದಿಲ್ಲ. ಅದನ್ನು ಕೊಳ್ಳುವವರೇ ಓದಿ, ಕೇಳಿ ತಿಳಿಯಬೇಕು.

ಬೆವರಿನ ವಿಷಯದಲ್ಲಿ ಮುನಿಧರ್ಮದ ಆದರ್ಶ ಅತ್ಯುನ್ನತವಾದುದು. ತತ್ತ್ವಾರ್ಥಸೂತ್ರವು ಹೇಳುವ ಇಪ್ಪತ್ತೆರಡು ಪರೀಷಹಗಳಲ್ಲಿ ಮಲ ಪರೀಷಹವೂ ಒಂದು. ಬೆವರಿಗೆ ಧೂಳು ಮೆತ್ತಿದರೂ, ಜಲಕಾಯಿಕ ಜೀವಿಗಳಿಗೆ ಪೀಡೆಯಾಗದಿರಲೆಂದು ಸ್ನಾನವನ್ನು ತೊರೆದ ಮುನಿಯು ಅದನ್ನು ಸಮಭಾವದಿಂದ ಸಹಿಸುವನೆಂದು ಪೂಜ್ಯಪಾದರ 'ಸರ್ವಾರ್ಥಸಿದ್ಧಿ' ವಿವರಿಸುತ್ತದೆ. ಗೃಹಸ್ಥನಿಗೆ ಈ ವ್ರತವಿಲ್ಲ. ಶುಚಿಯಾಗಿರುವುದು ಅವನಿಗೆ ಉಚಿತವೇ. ಅವನಿಗಾಗಿ ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಭೋಗೋಪಭೋಗ ಪರಿಮಾಣವನ್ನು ಬೋಧಿಸಿದ್ದಾರೆ. ಭೋಜನ, ವಾಹನ, ಸ್ನಾನಗಳ ಜೊತೆ ಅಂಗರಾಗವನ್ನೂ, ಅಂದರೆ ಮೈಗೆ ಪೂಸುವ ಲೇಪವನ್ನೂ ಅಲ್ಲಿ ಹೆಸರಿಸಲಾಗಿದೆ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಹೀಗೆ ಕಾಲದ ಮಿತಿಯಿಟ್ಟು ತ್ಯಜಿಸಿದರೂ ಅದು ನಿಯಮವೆನಿಸುತ್ತದೆ.

ಈ ಉಪದೇಶವು ಇಂದಿನ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ. ಒಂದು ಸೀಸೆಯ ಬದಲು ಇನ್ನೊಂದು ಸೀಸೆಯನ್ನು ತಂದಿಟ್ಟ ಮಾತ್ರಕ್ಕೆ ಸಂಯಮ ಸಿದ್ಧಿಸದು. ಮನೆಯಲ್ಲಿರುವ ದಿನಗಳಲ್ಲಿ ಸ್ನಾನ ಮತ್ತು ಒಗೆದ ಹತ್ತಿಬಟ್ಟೆಗಳೇ ಸಾಕೆಂದು ಒಂದು ಪಕ್ಷದ ಮಟ್ಟಿಗೆ ನಿಯಮವಿಟ್ಟುಕೊಂಡರೆ, ನಿಜವಾದ ಅಗತ್ಯ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ. ಉಳಿದ ಅಗತ್ಯಕ್ಕೆ ಹಿಂಸೆಯ ಸೋಂಕಿಲ್ಲದ ವಸ್ತುವನ್ನು ಆರಿಸಿಕೊಳ್ಳಬಹುದು. ಹರೆಯದ ಮಕ್ಕಳಿಗೆ ಮೈಯ ಬಗ್ಗೆ ಲಜ್ಜೆಯನ್ನಲ್ಲ, ಈ ವಿವೇಕವನ್ನು ಕಲಿಸುವುದು ಹಿರಿಯರ ಹೊಣೆ. ಬಸದಿಗಳ ಆಡಳಿತ ಮಂಡಳಿಗಳೂ ಪೂಜೆಗೆ ತರಿಸುವ ಧೂಪ, ಸುಗಂಧಗಳ ಮೂಲವನ್ನು ವಿಚಾರಿಸಿದರೆ ಮನೆಮನೆಗೂ ಮೇಲ್ಪಂಕ್ತಿಯಾಗುತ್ತದೆ.

ಅಷ್ಟವಿಧಾರ್ಚನೆಯಲ್ಲಿ ಜಲದ ನಂತರ ಜಿನನಿಗೆ ಗಂಧವನ್ನು ಸಮರ್ಪಿಸುವುದು ಸಂಸಾರದ ತಾಪವು ನಶಿಸಲೆಂದು. ಆ ತಾಪವನ್ನು ಹೆಚ್ಚಿಸುವ ಆಸೆ, ಅಂಜಿಕೆಗಳನ್ನು ತಗ್ಗಿಸಿಕೊಂಡವನ ಕೈಯಲ್ಲಿ ಗಂಧವು ಸಾರ್ಥಕವಾಗುತ್ತದೆ.