ಲೆನಿನ್ನನ ಬೆನ್ನ ಹಿಂದಿನ ದೊರೆ

ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರುಗಳಿಗೆ ಎಲ್ಲಿಲ್ಲದ ಬೆಲೆ. ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕುವಾಗ ನಮ್ಮತ್ತೆ ಪಕ್ಕದಲ್ಲೇ ಕೂತು, "ದೇವರ ಚಿತ್ರ ಒಳಗೆ ಹೋಗಲಿ ಕಣೆ, ಬಿಳಿ ಮಗ್ಗುಲು ಮೇಲೆ ಬರಲಿ" ಎನ್ನುತ್ತಿದ್ದರು. ಲಕ್ಷ್ಮಿಯನ್ನು ಹರಿದೆಸೆಯುವಂತಿಲ್ಲ, ಮಕ್ಕಳ ಮಸಿ ಕೈಗೂ ಕೊಡುವಂತಿಲ್ಲ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಶಾಲೆಯೊಂದರ ಕಥೆ ಓದಿದಾಗ ಅತ್ತೆ ನೆನಪಾದರು.

ಆ ಶಾಲೆಯ ಸಭಾಂಗಣದಲ್ಲಿ ಲೆನಿನ್ನನ ಭಾರೀ ಚಿತ್ರವೊಂದಿತ್ತು. ವ್ಲಾಡಿಸ್ಲಾವ್ ಇಜ್ಮಾಯ್ಲೊವಿಚ್ ಎಂಬ ಕಲಾವಿದ 1924ರಲ್ಲಿ ಬರೆದದ್ದು. ಆ ವರ್ಷದ ಜನವರಿಯಲ್ಲೇ ಲೆನಿನ್ ತೀರಿಕೊಂಡಿದ್ದ. ಊರಿಗೇ ಅವನ ಹೆಸರಿಟ್ಟಿದ್ದರು. ಅದರೆದುರು ಎಷ್ಟು ತಲೆಮಾರಿನ ಮಕ್ಕಳು ಸಾಲಾಗಿ ನಿಂತರೋ! ಸುಮಾರು ತೊಂಬತ್ತು ವರ್ಷದ ಮೇಲೆ ಚಿತ್ರ ದುರಸ್ತಿಗೆಂದು ಸ್ಟೀಗ್ಲಿಟ್ಸ್ ಕಲಾ ಅಕಾಡೆಮಿಯ ತಜ್ಞರ ಕೈಗೆ ಬಂತು. ಹಿಂಬದಿಯಲ್ಲಿ ಬಳಿದಿದ್ದ ಬಣ್ಣದಡಿ ಇನ್ನಾರೋ ನಿಂತಿದ್ದರು. ದೊರೆ ಎರಡನೆಯ ನಿಕೊಲಾಸ್! ಇಲ್ಯಾ ಗಾಲ್ಕಿನ್ 1896ರಲ್ಲಿ, ಪಟ್ಟಾಭಿಷೇಕದ ವರ್ಷ, ಬರೆದ ಚಿತ್ರ. 1918ರ ಜುಲೈನಲ್ಲಿ ಬೋಲ್ಶೆವಿಕರು ಇದೇ ದೊರೆಯನ್ನು ಹೆಂಡತಿ, ಐವರು ಮಕ್ಕಳೊಡನೆ ಗುಂಡಿಟ್ಟು ಕೊಂದಿದ್ದರು. ಹಾಗೆಂದು ಅವನೇನೂ ಪ್ರಜೆಗಳ ಮಾತು ಕೇಳಿದವನಲ್ಲ. ಒಬ್ಬ ನಿರಂಕುಶನ ಬೆನ್ನಿಗೆ ಇನ್ನೊಬ್ಬ.

ಚಿತ್ರಗಳನ್ನು ಪರೀಕ್ಷಿಸುವವರಿಗೆ ಹಲವು ದಾರಿಗಳಿವೆ. ಹಳೆಯ ಬಿಳಿ ಬಣ್ಣದಲ್ಲಿ ಸೀಸವಿರುವುದರಿಂದ ಎಕ್ಸ್-ರೇಯಲ್ಲಿ ನಮ್ಮ ಮೂಳೆಯಂತೆ ಎದ್ದು ಕಾಣುತ್ತದೆ. ಅವಕೆಂಪು ಕಿರಣಕ್ಕೆ ಅಡಿಯ ಇದ್ದಿಲ ಗೆರೆ ಸಿಗುತ್ತದೆ. ಆದರೆ ಇಲ್ಲಿ ಗುಟ್ಟು ಬಿಚ್ಚಿದ್ದು ನೀರು. ಒಣಗಿದ ಎಣ್ಣೆಬಣ್ಣ ನೀರಿಗೆ ಕರಗುವುದಿಲ್ಲ. ದೊರೆಯ ಮೇಲೆ ಬಳಿದದ್ದೋ, ನೀರಿಗೆ ಕರಗುವ ಬಣ್ಣ. ಒದ್ದೆ ಮಾಡಿ ಮೆಲ್ಲಗೆ ತೆಗೆದರೆ ಅಡಿಯ ಚಿತ್ರಕ್ಕೆ ಕುಂದಿಲ್ಲ.

ದುಬಾರಿ ಬಟ್ಟೆ ಉಳಿಸಲು ಹಾಗೆ ಮಾಡಿರಬಹುದು ಎನ್ನಬಹುದು. ಉಳಿತಾಯವೇ ಗುರಿಯಾಗಿದ್ದರೆ ದೊರೆಯ ಮುಖದ ಮೇಲೇ ಲೆನಿನ್ನನನ್ನು ಬರೆಯಬಹುದಿತ್ತಲ್ಲ? ಬಟ್ಟೆ ತಿರುಗಿಸಿ, ತೊಳೆದರೆ ಹೋಗುವ ಬಣ್ಣ ಬಳಿದವನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತೆಂದೇ ನನಗನ್ನಿಸುತ್ತದೆ. ಅದು ಬಯಲಾಗಿದ್ದರೆ ಅವನ ಗತಿಯೇನಾಗುತ್ತಿತ್ತೋ! ಹೆಂಡತಿಗಾದರೂ ಹೇಳಿದ್ದನೇ? ಬಟ್ಟೆಯಂತೂ ಅವನ ಗುಟ್ಟನ್ನು ಅಷ್ಟು ವರ್ಷ ಕಾದುಕೊಂಡಿತು.

ಮೂರು ವರ್ಷದ ದುರಸ್ತಿಯ ನಂತರ 2018ರಲ್ಲಿ ಎರಡೂ ಮುಖಗಳನ್ನು ಜನರಿಗೆ ತೋರಿಸಿದರು. ಇನ್ನು ಅದನ್ನು ಗೋಡೆಗೆ ಒರಗಿಸುವಂತಿಲ್ಲ. ಕೋಣೆಯ ನಡುವೆಯೇ ನಿಲ್ಲಿಸಬೇಕು.