ತೋಪು ಯಾರದೋ, ಕೈ ನಮ್ಮದು

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಾಗಲೇ ಫಸಲು ಮಾರಾಟವಾಗಿಬಿಡುತ್ತೆ. ಕೊಂಡವನು ಇನ್ನೊಬ್ಬನಿಗೆ ಮಾರ್ತಾನೆ, ಅವನು ಮಂಡಿಯವನಿಗೆ. ಮರ ಹತ್ತಿ ಕಾಯಿ ಕೀಳುವವನನ್ನು ಯಾವೋನೂ ಒಂದು ಮಾತು ಕೇಳಲ್ಲ. ಕಂಪ್ಯೂಟರ್ ಕಂಪನಿಗಳ ಚರಿತ್ರೆ ಓದುವಾಗ ನಮಗೆ ನೆನಪಾದದ್ದು ಈ ತೋಪೇ.

ಒಂದು ಕಂಪನಿಯ ಕಥೆ ಕೇಳಿ. 1962, ಅಮೆರಿಕದ ಡಲ್ಲಾಸ್. ಐಬಿಎಂನ ಯಂತ್ರಗಳನ್ನು ಮಾರುತ್ತಿದ್ದ ರಾಸ್ ಪೆರೋ ಆ ಕೆಲಸ ಬಿಟ್ಟು, ಸಾವಿರ ಡಾಲರಿನಲ್ಲಿ ಎಲೆಕ್ಟ್ರಾನಿಕ್ ಡೇಟಾ ಸಿಸ್ಟಮ್ಸ್, ಅಂದರೆ ಇಡಿಎಸ್, ಶುರು ಮಾಡಿದ. ಆಗಿನ ಮೇನ್‌ಫ್ರೇಮ್ ಕೋಣೆ ತುಂಬುವ ಯಂತ್ರ. ಅದು ಅವನ ಹತ್ತಿರ ಇರಲಿಲ್ಲ. ವಿಮಾ ಕಂಪನಿಯೊಂದರ ಯಂತ್ರ ಸುಮ್ಮನಿರುವ ಹೊತ್ತನ್ನು ಸಗಟಾಗಿ ಕೊಂಡು ಬೇರೆಯವರಿಗೆ ಮಾರಿದ. ಯಂತ್ರ ಯಾರದಾದರೂ ಆಗಲಿ, ಕಾಸಿರೋದು ಅದರಿಂದ ಲೆಕ್ಕ ಮಾಡಿಸುವ ಕೆಲಸದಲ್ಲಿ. 1965ರಲ್ಲಿ ಅಮೆರಿಕ ಸರ್ಕಾರ ಮುದುಕರಿಗೂ ಬಡವರಿಗೂ ಆಸ್ಪತ್ರೆ ಖರ್ಚಿನ ಯೋಜನೆ ತಂದಿತು. ಆ ಬಿಲ್ಲುಗಳ ರಾಶಿಯ ಲೆಕ್ಕ ಹಾಕುತ್ತಾ ಇಡಿಎಸ್ ಬೆಳೆಯಿತು. 1984ರಲ್ಲಿ ಜನರಲ್ ಮೋಟಾರ್ಸ್ ಅದನ್ನು 250 ಕೋಟಿ ಡಾಲರಿಗೆ ಕೊಂಡಿತು, 1996ರಲ್ಲಿ ಬಿಟ್ಟುಕೊಟ್ಟಿತು.

ಈಗ ಬೆಂಗಳೂರಿಗೆ ಬನ್ನಿ. 1992ರಲ್ಲಿ ಇಲ್ಲಿ ಬಿಎಫ್‌ಎಲ್ ಸಾಫ್ಟ್‌ವೇರ್ ಹುಟ್ಟಿತು. ಜೆರ್ರಿ ರಾವ್ ಮತ್ತು ಯೆರೂನ್ ತಾಸ್ 1998ರಲ್ಲಿ ಅಮೆರಿಕದಲ್ಲಿ ಕಟ್ಟಿದ ಎಂಫಸಿಸ್ 2000ದಲ್ಲಿ ಅದರ ಜೊತೆ ಸೇರಿತು. ಅಲ್ಲಿನ ಕೆಲಸವನ್ನು ಇಲ್ಲಿನ ಸಂಬಳಕ್ಕೆ ಮಾಡಿಸಬಹುದು ಅಂತ ದೊಡ್ಡ ಕಂಪನಿಗಳಿಗೆ ಗೊತ್ತಾಗಿತ್ತು. 2006ರಲ್ಲಿ ಇಡಿಎಸ್ ಎಂಫಸಿಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಹಿಡಿಯಿತು. ಕೊಂಡವನನ್ನೂ ಕೊಳ್ಳುವವನಿರ್ತಾನೆ. 2008ರಲ್ಲಿ ಎಚ್‌ಪಿ 1390 ಕೋಟಿ ಡಾಲರಿಗೆ ಇಡಿಎಸ್ಸನ್ನೇ ನುಂಗಿತು. ಮರುವರ್ಷ ಆ ಹೆಸರೂ ಅಳಿಯಿತು. 2016ರಲ್ಲಿ ಎಂಫಸಿಸ್‌ನ ಪಾಲು ಬ್ಲ್ಯಾಕ್‌ಸ್ಟೋನ್ ಎಂಬ ಬಂಡವಾಳ ಸಂಸ್ಥೆಗೆ ಹೋಯಿತು. ಹತ್ತು ವರ್ಷಕ್ಕೆ ಮೂವರು ಯಜಮಾನರು.

ಇದರಿಂದ ಕೋಲಾರದವರಿಗೇನು ಅಂತೀರಾ? ನಮಗೆ ಇದು ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಇಳಿಯಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, ಆಮೇಲೆ ಕೇಂದ್ರದ್ದು. ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರೇ ಅಲ್ಲಿ ಹೆಚ್ಚಾಗಿ ಕಲ್ಲು ಒಡೆದವರು. 2001ರಲ್ಲಿ ಬಾಗಿಲು ಹಾಕಿದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ಕೂಲಿಗೆ, ಕಾವಲಿಗೆ, ಕಂಪ್ಯೂಟರಿಗೆ ಹೋಗ್ತಾರೆ.

ಸರ್ಕಾರದ ನೌಕರಿಯಲ್ಲಿ ಸಂವಿಧಾನದ 16(4)ನೇ ವಿಧಿಯ ಆಸರೆಯಿದೆ. ಖಾಸಗಿ ಕಂಪನಿಯ ಬಾಗಿಲಲ್ಲಿ ಅದು ನಿಂತುಹೋಗುತ್ತೆ. ಇಡಿಎಸ್ ಎಂಫಸಿಸ್ ಕೊಂಡ 2006ರಲ್ಲೇ ಪ್ರಧಾನಿ ಮನಮೋಹನ ಸಿಂಗ್ ಉದ್ಯಮಿಗಳಿಗೆ, ನೀವೇ ಮುಂದೆ ಬಂದು ಶೋಷಿತರಿಗೆ ಕೆಲಸ ಕೊಡಿ ಅಂತ ಕೇಳಿಕೊಂಡರು. ಕೇಳಿಕೊಂಡರು, ಅಷ್ಟೆ. ಕಾನೂನಾಗಲಿಲ್ಲ.

ಆ ಕೆಲಸ ಬೇಡ ಅನ್ನುವಷ್ಟು ದಡ್ಡರಲ್ಲ ನಾವು. ಹೆಬ್ಬೆಟ್ಟೊತ್ತಿದ ಅಪ್ಪನ ಮಕ್ಕಳು ಕೀಲಿಮಣೆಗೆ ಬೆರಳಿಟ್ಟರೆ ಅದು ಸಣ್ಣ ಮಾತಲ್ಲ. ಆದರೆ ಕೈ ಬದಲಾಗುವ ಕಂಪನಿಯಲ್ಲಿ ನಮ್ಮ ಕೈಗೆ ಹಕ್ಕೆಷ್ಟು? ಮುಳಬಾಗಿಲಿನ ಮೇಷ್ಟ್ರೇ, ಮಾಲೂರಿನ ಗೆಳೆಯರೇ, ಕೊಂಡವರ ಹೆಸರು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ. ಮಾರಿದ ದಿನ ದುಡಿದವರಿಗೆ ಏನು ಸಿಕ್ತು ಅಂತ ಕೇಳೋದನ್ನು ಕಲಿಸಿ.