ಬೀಗ ಬಿದ್ದ ಆಟಗಳು

ಆಟ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಗಡೆ, ಚನ್ನೆಮಣೆ, ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಗೀಚಿ, ನಾಲ್ಕು ಕವಡೆಗಳನ್ನು ಹೊಂದಿಸಿಕೊಂಡರೆ ಚೌಕಾಬಾರ ಸಿದ್ಧವಾಯಿತು. ಅದಕ್ಕೆ ಒಡೆಯನಿಲ್ಲ; ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಇಂದು ಹೇಳಹೊರಟಿರುವುದು ಒಡೆಯನೂ ಬೀಗವೂ ಇದ್ದ ಆಟಗಳ ಕಥೆಯನ್ನು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ತಯಾರಿಸಿದ ಟಿಐ-೯೯/೪ಎ ಎಂಬ ಮನೆಬಳಕೆಯ ಕಂಪ್ಯೂಟರಿನ ಆಟಗಳು ಅವು.

೧೯೭೯ರಲ್ಲಿ ಈ ಯಂತ್ರದ ಮೊದಲ ರೂಪ ಹೊರಬಂದಾಗ, ಬಣ್ಣದ ಪರದೆಯೂ ಸೇರಿ ಅದರ ಬೆಲೆ ೧೧೫೦ ಡಾಲರು. ೧೯೮೧ರಲ್ಲಿ ತಿದ್ದಿದ ರೂಪ ೫೨೫ ಡಾಲರಿಗೆ ಬಂದಿತು. ಅದನ್ನು ಮನೆಯ ಟೆಲಿವಿಷನ್ನಿಗೇ ಜೋಡಿಸಬಹುದಾಗಿತ್ತು. ಕೀಲಿಮಣೆಯ ಬಲಗಡೆ ಒಂದು ಕಂಡಿ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅದರೊಳಗೆ ತಳ್ಳಿದರೆ ಆಟ ಸಿದ್ಧ. ಆ ಕಾಲದಲ್ಲಿ ಕ್ಯಾಸೆಟ್ಟಿನಿಂದ ಆಟವನ್ನು ಯಂತ್ರಕ್ಕೆ ಇಳಿಸಲು ಹಲವು ನಿಮಿಷ ಕಾಯಬೇಕಾಗುತ್ತಿತ್ತು. ಡಬ್ಬಿಗೆ ಕಾಯುವಿಕೆಯೇ ಇಲ್ಲ. ಕಾರ್ಟ್ರಿಜ್ ಎಂದು ಜಗತ್ತು ಕರೆದದ್ದು ಇದನ್ನೇ.

ಆ ಡಬ್ಬಿಯ ಒಳಗೆ ಏನಿತ್ತು ಎಂಬುದೇ ನಮ್ಮ ಕಥೆಯ ತಿರುಳು. ಸಾಮಾನ್ಯ ಸ್ಮೃತಿಚಿಪ್ಪು ನಿಘಂಟಿನಂತೆ; ಯಾವ ಪುಟ ಬೇಕಾದರೂ ನೇರವಾಗಿ ತೆರೆಯಬಹುದು. ಟೆಕ್ಸಾಸಿನವರು ಬಳಸಿದ ಗ್ರಾಮ್ ಎಂಬ ಚಿಪ್ಪಾದರೋ ನಮ್ಮ ಗಮಕಿಗಳಂತೆ. ಯಾವ ಸಂಧಿಯ ಯಾವ ಪದ್ಯದಿಂದ ಆರಂಭಿಸಬೇಕೆಂದು ಒಮ್ಮೆ ಹೇಳಿದರೆ ಸಾಕು. ಮುಂದೆ ಕೇಳಿದಾಗಲೆಲ್ಲ ಅದು ತಾನಾಗಿ ಮುಂದಿನದನ್ನು ಒಪ್ಪಿಸುತ್ತ ಹೋಗುತ್ತದೆ. ಒಂದೊಂದು ಚಿಪ್ಪಿನಲ್ಲಿ ಆರು ಕಿಲೋಬೈಟುಗಳಷ್ಟು ಬರಹ. ತಂತಿಗಳು ಕಡಿಮೆ ಸಾಕು. ವೇಗ ಮಾತ್ರ ಮಂದ. ಅದರ ದೊಡ್ಡ ಗುಣವೋ ದೊಡ್ಡ ದೋಷವೋ, ಅದನ್ನು ತಯಾರಿಸುತ್ತಿದ್ದುದು ಆ ಒಂದೇ ಸಂಸ್ಥೆ. ಯಂತ್ರವನ್ನು ಅಗ್ಗವಾಗಿ ಮಾರಿ ಆಟಗಳಲ್ಲಿ ಲಾಭ ತೆಗೆಯುವುದು ಸಂಸ್ಥೆಯ ಲೆಕ್ಕಾಚಾರ. ಆದ್ದರಿಂದ ಯಂತ್ರದ ಒಳಗುಟ್ಟುಗಳನ್ನು ಹೊರಗಿನವರಿಗೆ ಸುಲಭವಾಗಿ ಬಿಟ್ಟುಕೊಡಲಿಲ್ಲ.

ಆದರೂ ಆ ಬೀಗದೊಳಗೆ ಚೆಲುವಾದ ಕೆಲಸ ನಡೆಯಿತು. ಜಿಮ್ ಡ್ರಾಮಿಸ್ ಮತ್ತು ಪಾಲ್ ಅರ್ಬಾನಸ್ ೧೯೮೨ರಲ್ಲಿ ರಚಿಸಿದ ‘ಪಾರ್ಸೆಕ್’ ಎಂಬ ಆಟವನ್ನು ನೋಡಿ. ಬೆಟ್ಟಗುಡ್ಡಗಳ ಮೇಲೆ ಹಾರುವ ಪುಟ್ಟ ನೌಕೆಯೊಂದು ಅಡ್ಡಬರುವ ಶತ್ರುನೌಕೆಗಳನ್ನು ಸುಡುತ್ತ ಸಾಗಬೇಕು. ಬಿಡದೆ ಗುಂಡು ಹಾರಿಸಿದರೆ ಆಯುಧ ಕಾದು ಕೈಕೊಡುತ್ತದೆ. ಇಂಧನ ತೀರುವ ಮೊದಲು ಇಕ್ಕಟ್ಟಾದ ಸುರಂಗದೊಳಗೆ ನುಸುಳಿ ತುಂಬಿಸಿಕೊಳ್ಳಬೇಕು. ಮಾತಿನ ಯಂತ್ರವನ್ನು ಜೋಡಿಸಿದ್ದರೆ ಹೆಣ್ಣು ದನಿಯೊಂದು ಅಪಾಯದ ಎಚ್ಚರಿಕೆ ಕೊಡುತ್ತದೆ. ೧೯೭೮ರಲ್ಲಿ ಇದೇ ಸಂಸ್ಥೆ ಮಕ್ಕಳಿಗೆ ಕಾಗುಣಿತ ಕಲಿಸುವ ಮಾತಾಡುವ ಆಟಿಕೆಯನ್ನು ತಂದಿತ್ತು. ಈ ದನಿ ಅದೇ ವಿದ್ಯೆಯ ಕುಡಿ. ನನಗೆ ಹೆಚ್ಚು ಪ್ರಿಯವಾದ ಸಂಗತಿ ಇನ್ನೊಂದಿದೆ. ಶತ್ರುನೌಕೆಗಳಲ್ಲಿ ಒಂದರ ಹೆಸರು ಡ್ರಾಮೈಟ್, ಇನ್ನೊಂದರದು ಅರ್ಬೈಟ್. ವಚನದ ಕೊನೆಯಲ್ಲಿ ವಚನಕಾರ ತನ್ನ ಅಂಕಿತವನ್ನಿಟ್ಟಂತೆ, ಕರ್ತೃಗಳಿಬ್ಬರೂ ಆಟದ ಒಳಗೇ ತಮ್ಮ ಗುರುತನ್ನು ಬಿಟ್ಟುಹೋದರು. ಸಂಸ್ಥೆಯ ಸರಕೆಂದು ಅಂಗಡಿಯಲ್ಲಿ ಕುಳಿತ ಡಬ್ಬಿಯೊಳಗೂ ಮನುಷ್ಯನ ಕೈ ಇದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊರಗೆ ಮಾತ್ರ ಬೇರೆಯದೇ ಯುದ್ಧ ನಡೆದಿತ್ತು. ಜ್ಯಾಕ್ ಟ್ರಾಮಿಯೆಲ್ ನಡೆಸುತ್ತಿದ್ದ ಕೊಮೊಡೋರ್ ಸಂಸ್ಥೆ ತನ್ನ ಯಂತ್ರಗಳ ಬೆಲೆಯನ್ನು ಇಳಿಸುತ್ತ ಹೋಯಿತು, ಟೆಕ್ಸಾಸಿನವರೂ ಇಳಿಸಿದರು. ೧೯೮೩ರ ಹೊತ್ತಿಗೆ ೫೨೫ ಡಾಲರಿನ ಯಂತ್ರ ನೂರು ಡಾಲರಿನ ಆಸುಪಾಸಿಗೆ ಬಂದು ನಿಂತಿತು. ಯಂತ್ರದಲ್ಲಿ ನಷ್ಟವಾದಷ್ಟೂ ಆಟಗಳ ಲಾಭವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಆತುರ ಹೆಚ್ಚಿತು. ಗ್ರಾಮ್ ಇಲ್ಲದೆ ಬರಿಯ ಸಾಮಾನ್ಯ ಚಿಪ್ಪಿನಿಂದ ಹೊರಗಿನವರು ಮಾಡಿದ ಡಬ್ಬಿಗಳು ನಡೆಯದಂತೆ ಆ ವರ್ಷ ಯಂತ್ರವನ್ನೇ ಬದಲಿಸಿದರು. ಹೊಸ ಯಂತ್ರ ಕೊಂಡವನು ಅಂಗಡಿಯಿಂದ ಹೊರಗಿನವರ ಆಟವೊಂದನ್ನು ತಂದು ಕಂಡಿಯೊಳಗೆ ತಳ್ಳಿದರೆ ಅದು ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಆಟಗಾರನಿಗೆ ಬಾಗಿಲು ಮುಚ್ಚಿ ಅಂಗಡಿ ಉಳಿಸಿಕೊಳ್ಳಲಾದೀತೆ? ೧೯೮೩ರ ಅಕ್ಟೋಬರ್ ೨೮ರಂದು ಸಂಸ್ಥೆ ಮನೆಕಂಪ್ಯೂಟರಿನ ವ್ಯಾಪಾರವನ್ನು ಬಿಡುವುದಾಗಿ ಸಾರಿತು. ಮರುವರ್ಷದ ಮಾರ್ಚಿನಲ್ಲಿ ತಯಾರಿಕೆ ನಿಂತಿತು. ಸೋಲಿಗೆ ಬೆಲೆಯ ಯುದ್ಧವೇ ಮುಖ್ಯ ಕಾರಣವೆಂಬುದು ದಿಟ. ಆದರೆ ಹೊರಗಿನ ಲೇಖಕರನ್ನು ದೂರವಿಟ್ಟದ್ದರಿಂದ ಯಂತ್ರದ ಆಟಗಳ ಭಂಡಾರ ಬಡವಾಯಿತೆಂಬುದೂ ಅಷ್ಟೇ ದಿಟ.

ಈ ಸಂಸ್ಥೆಗೂ ನಮಗೂ ಒಂದು ನಂಟುಂಟು. ಸೋತು ಹಿಂದೆ ಸರಿದ ಎರಡು ವರ್ಷಗಳೊಳಗೆ, ೧೯೮೫ರಲ್ಲಿ, ಇದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಉಪಗ್ರಹದ ಮೂಲಕ ಕಡಲಾಚೆಗೆ ಕೆಲಸವನ್ನು ರವಾನಿಸುವ ಪದ್ಧತಿಗೆ ನಮ್ಮ ಊರಿನಲ್ಲಿ ನಾಂದಿ ಹಾಡಿದವರು ಅವರು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವನ್ನು ನಾನು ಕಟ್ಟುತ್ತಿಲ್ಲ. ಬೆಂಗಳೂರಿನ ಈಚಿನ ಚರಿತ್ರೆ ಬರೆಯುವವರು ಆ ಸಂಸ್ಥೆಯ ಗೆಲವಿನ ಜೊತೆಗೆ ಸೋಲನ್ನೂ ಬಲ್ಲವರಾಗಿರಲಿ ಎಂಬುದಷ್ಟೇ ನನ್ನ ಆಶಯ.

ಇನ್ನು ಆ ಆಟಗಳೇನಾದವು? ಒಡೆಯ ಕೈಬಿಟ್ಟ ಮೇಲೆ ಅವುಗಳನ್ನು ಉಳಿಸಿದವರು ಬಳಕೆದಾರರು. ಅಲ್ಲಲ್ಲಿ ಸಂಘಗಳನ್ನು ಕಟ್ಟಿಕೊಂಡು, ಗ್ರಾಮ್ ಚಿಪ್ಪಿನ ನಡೆಯನ್ನು ಅಕ್ಷರಕ್ಷರವಾಗಿ ಅರಿತು, ಒಳಗಿನ ಬರಹವನ್ನು ಹೊರತೆಗೆದು ಪ್ರತಿ ಮಾಡಿಟ್ಟರು. ಇಂದಿನ ಕಂಪ್ಯೂಟರುಗಳ ಮೇಲೆ ಹಳೆಯ ಯಂತ್ರವನ್ನೇ ಅನುಕರಿಸುವ ಕ್ರಮವಿಧಿಗಳನ್ನು ಬರೆದರು. ಓಲೆಗರಿಯ ಕಾಲದಲ್ಲಿ ನಮ್ಮ ಕಾವ್ಯಗಳು ಉಳಿದದ್ದು ಹೇಗೆ? ಒಂದೇ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರಿಂದಲ್ಲ; ಮನೆಮನೆಯಲ್ಲಿ, ಮಠಮಠದಲ್ಲಿ ಹೆಸರಿಲ್ಲದ ಲಿಪಿಕಾರರು ಪ್ರತಿಮಾಡಿದ್ದರಿಂದ. ಗೆದ್ದಲಿಗೆ ಸಿಕ್ಕದೆ ಉಳಿದದ್ದು ಹಲವರ ಕೈಯಲ್ಲಿದ್ದದ್ದು. ಮರಳಿನಿಂದ ಹುಟ್ಟಿದ ಚಿಪ್ಪಿಗೂ ತಾಳೆಯ ಗರಿಗೂ ಈ ಮಾತಿನಲ್ಲಿ ಭೇದವಿಲ್ಲ. ಬೀಗವನ್ನು ಮಾಡಿದವರು ಅಂಗಡಿ ಮುಚ್ಚಿದರು. ಪ್ರತಿಮಾಡಿದವರ ದೆಸೆಯಿಂದ ಅರ್ಬೈಟ್, ಡ್ರಾಮೈಟ್ ಎಂಬ ಆ ಎರಡು ಅಂಕಿತಗಳು ಇಂದಿಗೂ ಪರದೆಯ ಮೇಲೆ ಹಾರುತ್ತಿವೆ.